ನಾಲ್ಕನೇ ಭಾಗದ ಸಾಕ್ಷಿ

ಶಹಾಬಾದ
11 ಫೆಬ್ರವರಿ 2025

ಕಥೆಯ ನಡುವಿಗೇ ನನ್ನನ್ನು ದಬ್ಬಿದ ಪ್ರಮಿತಾ,

ನಿನಗೆ ಪ್ರೀತಿಯ ಸಲಾಮು. ವಾಡಿ ಸ್ಟೇಷನ್ನಿನಲ್ಲಿ ಆ ಕೋರ್ಟು ಕಾದಂಬರಿ ಕೈಗಿಟ್ಟೆಯಲ್ಲ, ಅದು ನಾಲ್ಕನೇ ಭಾಗ! ಹಿಂದಿನ ಮೂರು ಎಲ್ಲಿ ಎಂದರೆ, "ಮನ್ಯಾಗ ಅವ, ಹುಡುಕಿ ಕೊಡ್ತೀನಿ, ಮೊದಲ ಇದನ್ನ ಓದು" ಎಂದೆ. ಅದರಲ್ಲಿನ ವಕೀಲಮ್ಮನ ಗಂಡ ಯಾಕೆ ಬಿಟ್ಟುಹೋದ ಎಂಬುದೂ ತಿಳಿಯದೆ ಐವತ್ತು ಪುಟ ನಿನ್ನನ್ನು ಬೈದುಕೊಂಡೇ ಓದಿದೆ. ಆಮೇಲೆ ಕೆಳಗಿಡಲಾಗಲಿಲ್ಲ.

ಪ್ರಮಿತಾ, ನಿನ್ನಿಂದ ಒಂದು ಮಾತು ಮುಚ್ಚಿಟ್ಟಿದ್ದೆ. ನಮ್ಮ ಕಲ್ಲಿನ ಕಾರ್ಖಾನೆಯಲ್ಲಿ ಹಾಜರಿ ಬರೆಯುವವಳು ನಾನೇ ಅಲ್ಲವೇ? ಹೋದ ವರ್ಷ ಕಲ್ಲು ಕೊಯ್ಯುವ ಯಂತ್ರಕ್ಕೆ ಸಿಕ್ಕಿ ಅಣವೀರನ ಬಲಗೈ ಹೋಯಿತು. ಮಾಲಕರು ಬಂದು, "ಅವತ್ತ ಅಂವ ಕೆಲಸಕ್ಕ ಬಂದೇ ಇಲ್ಲ ಅಂತ ಬರಿ" ಎಂದರು. ಬರೆದುಬಿಟ್ಟೆ. ಅಂಜಿಕೆ, ಮತ್ತೇನಿಲ್ಲ. ಅದೇ ಪುಟ ಹಿಡಿದು ಅಣವೀರನಿಗೆ ಪರಿಹಾರ ತಪ್ಪಿಸಲು ನನ್ನನ್ನೇ ಸಾಕ್ಷಿಯೆಂದು ಹೋದ ಗುರುವಾರ ಚಿತ್ತಾಪುರದ ಕೋರ್ಟಿಗೆ ಕರೆದೊಯ್ದರು.

ವರಾಂಡದಲ್ಲಿ ಕಾಯುತ್ತ ನಿನ್ನ ಪುಸ್ತಕದ ಕೊನೆಯ ಅಧ್ಯಾಯ ಓದಿದೆ. ಅದರಲ್ಲಿ ಒಬ್ಬ ಗುಮಾಸ್ತ ಕಟಕಟೆಯಲ್ಲಿ ನಿಂತು, ತಾನು ಬರೆದದ್ದು ಸುಳ್ಳು ಎಂದು ಒಪ್ಪಿಕೊಳ್ಳುತ್ತಾನೆ. ಹಿಂದಿನ ಭಾಗಗಳಲ್ಲಿ ಅವನು ಎಂಥವನಿದ್ದನೋ ನನಗೆ ಗೊತ್ತಿಲ್ಲ. ಆದರೂ ಅವನನ್ನು ನಂಬಿದೆ, ಕಣ್ಣು ತುಂಬಿ ಬಂತು.

ನನ್ನ ಸರದಿ ಬಂದಾಗ ಪುಸ್ತಕ ಮಡಚಿ ಕಟಕಟೆ ಹತ್ತಿದೆ. ಆ ಪುಟ ಸುಳ್ಳು, ಬರೆದವಳು ನಾನೇ, ಅಣವೀರ ಅವತ್ತು ನನ್ನ ಕಣ್ಣೆದುರೇ ಕೆಲಸ ಮಾಡುತ್ತಿದ್ದ ಎಂದೆ. ಮಾಲಕರ ವಕೀಲರು ಕೆಂಡವಾದರು. ಅವನು ಮೊದಲಿನಿಂದಲೂ ಕುಡುಕ, ಜಗಳಗಂಟ ಎಂಬುದು ಗೊತ್ತಿಲ್ಲವೇ ಎಂದು ಮೇಲಿಂದ ಮೇಲೆ ಕೇಳಿದರು.

"ಹಿಂದಿಂದು ನಂಗ ಗೊತ್ತಿಲ್ರಿ ಸಾಹೇಬ್ರ. ಅವತ್ತ ನಾ ಕಂಡಿದ್ದಷ್ಟ ಹೇಳಾಕತ್ತೀನಿ" ಎಂದೆ.

ಮೊದಲ ಮೂರು ಭಾಗ ಓದದೆಯೂ ಸತ್ಯ ಯಾವುದೆಂದು ತಿಳಿಯುತ್ತದೆ ಎಂಬ ಧೈರ್ಯ ನಿನ್ನ ಪುಸ್ತಕ ಕೊಟ್ಟದ್ದು, ಮಾರಾಯ್ತಿ.

ಹೊರಗೆ ಅಣವೀರನ ತಾಯಿ ಅನಸುಬಾಯಿ ನನ್ನ ಎರಡೂ ಕೈ ಹಿಡಿದು, "ನಿನ್ನ ದೇವ್ರು ಚಲೋ ಇಟ್ಟಿರ್ಲಿ ತಾಯಿ" ಎಂದಳು. ಅವಳ ಮಗನನ್ನು ಗೈರುಹಾಜರು ಎಂದು ಬರೆದ ಕೈ ಅದು. ನಾಚಿಕೆಯಾಯಿತು, ಭಾಳ ಹಗುರವೂ ಆಯಿತು. ತೀರ್ಪು ಇನ್ನೂ ಬಂದಿಲ್ಲ. ಅನಸುಬಾಯಿಯ ಆ ಹಾರೈಕೆಯಲ್ಲಿ ಅರ್ಧ ನಿನ್ನದು.

ನಿನ್ನನ್ನು ಇನ್ನೆಂದೂ ಬೈಯದ,
ನಾಹಿದ

ತಾ.ಕ.: ಹಿಂದಿನ ಮೂರೂ ಭಾಗ ಹುಡುಕಿ ಕಳಿಸು. ಈಗ ಹಗಲೆಲ್ಲ ಪುರುಸೊತ್ತು. ಶುಕ್ರವಾರ ಬೆಳಿಗ್ಗೆಯೇ ನನ್ನನ್ನು ಕೆಲಸದಿಂದ ತೆಗೆದರು. ಇದನ್ನು ಮೊದಲ ಸಾಲಿನಲ್ಲೇ ಬರೆದಿದ್ದರೆ ಪತ್ರ ಓದುವುದನ್ನು ಅರ್ಧಕ್ಕೇ ಬಿಟ್ಟು ನೀನು ಸೇಡಂನಿಂದ ರೈಲು ಹತ್ತುತ್ತಿದ್ದೆ.