ಗಾಜಿನ ಕೋಣೆಯ ಗಾಳಿ

ಅಕ್ಕಾ,

ನೀನು ತೀರಿಕೊಂಡ ಮೇಲೂ ಏನಾದರೂ ಆದರೆ ಮೊದಲು ನಿನಗೇ ಹೇಳಬೇಕೆನ್ನಿಸುತ್ತದೆ. ಇವತ್ತು ನಮ್ಮ ಪ್ರಯೋಗಾಲಯದ ನೆಲಮಾಳಿಗೆಯಲ್ಲಿರುವ ಗಾಜಿನ ಕೋಣೆಯಲ್ಲಿ ಸಿಕ್ಕಿಹಾಕಿಕೊಂಡೆ. ಗಿಡಗಳು ಯಾವ ಗಾಳಿಯನ್ನು ಎಷ್ಟು ಎಳೆದುಕೊಳ್ಳುತ್ತವೆ, ಎಷ್ಟು ಬಿಡುತ್ತವೆ ಎಂದು ಅಳೆಯುವ ಕೋಣೆ ಅದು. ಗಾಳಿ ಸೋರಬಾರದೆಂದು ಬಾಗಿಲ ಸುತ್ತ ದಪ್ಪ ರಬ್ಬರು ಹಾಕಿದ್ದಾರೆ. ನಾನು ಟೊಮೆಟೊ ಗಿಡಗಳ ನಡುವೆ ಇದ್ದಾಗ ಕರೆಂಟು ಹೋಯಿತು. ಕರೆಂಟಿನ ಬೀಗವಾದ್ದರಿಂದ ಬಾಗಿಲು ತೆರೆಯಲಿಲ್ಲ.

ದೀಪ ಉರಿಯುತ್ತಿದ್ದರೆ ನಾನು ಬಿಟ್ಟ ಉಸಿರನ್ನು ಎಲೆಗಳು ಎಳೆದುಕೊಂಡು ಆಮ್ಲಜನಕ ಕೊಡುತ್ತಿದ್ದವು. ಕತ್ತಲಾದರೆ ಅವು ತಮ್ಮ ಸಣ್ಣ ಸಣ್ಣ ರಂಧ್ರಗಳನ್ನು ಮುಚ್ಚಿಕೊಳ್ಳುತ್ತವೆ. ಇರುವ ಆಮ್ಲಜನಕದಲ್ಲೇ ನಮ್ಮಂತೆ ಅವೂ ಉಸಿರಾಡಬೇಕು. ಇದನ್ನೆಲ್ಲ ಓದಿಕೊಂಡವಳು ನಾನು. ಆದರೂ ಅಷ್ಟೂ ಗಿಡಗಳು ನನ್ನ ಕೈಬಿಟ್ಟವು ಅನ್ನಿಸಿ ಅಳು ಬಂತು. ಹೊತ್ತು ಹೋದಂತೆ ತಲೆ ಭಾರವಾಯಿತು.

ಹೊರಗಿನಿಂದ ನನ್ನ ಸಹೋದ್ಯೋಗಿ ಗಾಜು ತಟ್ಟಿ, "ಹೇಗಿದೀಯೇ?" ಎಂದು ಕೂಗಿದಳು.

"ಆರಾಮಾಗಿದೀನಿ ಕಣೇ, ನೀನೇನೂ ತಲೆ ಕೆಡಿಸ್ಕೋಬೇಡ."

ಬಾಯಿಗೆ ಬಂದದ್ದು ನಿನ್ನದೇ ಮಾತು, ಅಕ್ಕಾ. ಫೋನಿನಲ್ಲಿ ನೀನು ಹಾಗೆ ಹೇಳುವಾಗೆಲ್ಲ ಪಕ್ಕದಲ್ಲೇ ಕಾವಲು ನಿಂತಂತೆ ಭಾವ ಕೆಮ್ಮುವುದು ಕೇಳಿಸುತ್ತಿತ್ತು. ನಾನು "ಸರಿ ಹಾಗಾದ್ರೆ" ಎಂದು ಫೋನಿಡುತ್ತಿದ್ದೆ.

ಇವಳು ಸರಿ ಅನ್ನಲಿಲ್ಲ. ಬೆಂಕಿ ಆರಿಸುವ ಸಿಲಿಂಡರ್ ಎತ್ತಿ ಗಾಜಿಗೆ ಬಡಿದು ಒಡೆದಳು. ಆಮೇಲೆ ಓಡಿ ಬಂದ ಸಾಹೇಬರು, ತಿಂಗಳುಗಟ್ಟಲೆಯ ಪ್ರಯೋಗ ಹಾಳಾಯಿತೆಂದು ಅವಳ ಮೇಲೆ ಕೂಗಾಡಿದರು. "ಆರಾಮಾಗಿದೀನಿ ಅಂತ ಅವರೇ ಹೇಳಿದ್ರಂತಲ್ಲ?"

"ಹೇಳಿದ್ಳು ಸಾರ್," ಎಂದಳು ಅವಳು, ಅಂಗೈಗೆ ಚುಚ್ಚಿದ್ದ ಗಾಜಿನ ಚೂರು ಕೀಳುತ್ತಾ. "ದನಿ ಕೇಳಿದ್ರೆ ಗೊತ್ತಾಗಲ್ವಾ?"