ಹೆಬ್ಬೆರಳಿನ ಗಂಟು ಬಿಡಬ್ಯಾಡ

ಸುನಂದಾ,

ಪೇಪರ್ ಆಫೀಸಿಗೆ ಹೊಂಟೀನಿ. ಉಪ್ಪಿಟ್ಟು ಮುಚ್ಚಿಟ್ಟೀನಿ, ಬಿಸಿ ಮಾಡ್ಕೊ. ಕಾಲಿಗೆ ಬಿಸಿನೀರಿನ ಶಾಖ ತಪ್ಪಿಸಬ್ಯಾಡ.

ಮೊನ್ನೆ ಮಂಚದ ಕೆಳಗ ನಿನ್ನ ಹೊಸ ಚಪ್ಪಲಿ ಸಿಕ್ಕವು. ತಿಂಗಳಾತು, ಅಟ್ಟಿ ಒಂದು ಚೂರೂ ಸವೆದಿಲ್ಲ. ಕೇಳಿದಾಗೆಲ್ಲ "ಭಾಳ ಚೊಲೋ ಅದಾವ್ರಿ" ಅಂತಿದ್ದಿ. ಜೋಡು ಮಾಡ್ಸಿದ್ದು ಜೋಡಿಲೆ ತಿರುಗಾಕ, ಮಂಚದ ಕೆಳಗ ಮಲಗಾಕಲ್ಲ.

ನಿನ್ನೆ ಬ್ರೂಸ್‌ಪೇಟಿಗೆ ಹೋಗಿ, ಚಪ್ಪಲಿ ಹೊಲಿಯೋ ಯಂಕಪ್ಪನ ಕೂಡ, ಅಳತಿ ತಪ್ಪಿಸಿ ಹೊಲಿದೀ ಅಂತ ಜಗಳಾಡಿದೆ. ಅವ, ನೀನು ಮಡಚಿ ನನ್ನ ಕೈಲೆ ಕೊಟ್ಟು ಕಳಿಸಿದ್ದ ಅಳತಿ ಕಾಗದ ಹರವಿ, "ನನ್ನ ತಪ್ಪಿಲ್ರಿ, ಅಕ್ಕಾರ ಎಳೆದ ಗೆರಿ ನೋಡ್ರಿ" ಅಂದ. ನೋಡಿದೆ. ಹೆಬ್ಬೆರಳ ಬಾಜೂಕ ಎದ್ದಿರೋ ಗಂಟು ಬಿಟ್ಟು, ಪೆನ್ಸಿಲ್ ನೆಟ್ಟಗ ಎಳೆದೀಯಲ್ಲ ಮಾರಾಯ್ತಿ. ಅದು ಈಗಿನ ಪಾದ ಅಲ್ಲ, ಮದುವ್ಯಾಗ ನಾನು ಕಾಲುಂಗುರ ತೊಡಿಸಿದ ಪಾದ. ಲೀಡರುಗಳ ಪಾದಯಾತ್ರಿ ಮ್ಯಾಲೆ ಅಂಕಣ ಬರಿಯೋ ನನಗ ಮನಿ ಪಾದದ ಸುದ್ದಿ ಗೊತ್ತಾಗ್ಲಿಲ್ಲ.

ಎರಡು ವರ್ಷಾತು, ಸಂಜಿ ನಾನೊಬ್ಬನ ತಿರುಗಾಕತ್ತೀನಿ. ಮೊದಲು ನೀನು ದಾರ್ಯಾಗ ಮಂದಿನ್ನ ಆಡ್ಕೊಂತಿದ್ದಿ, ನಾನು ಅದನ್ನ ಬರೀತಿದ್ದೆ. ಈಗ ಓದೋರು "ಅಂಕಣ ಸಪ್ಪಗಾಗೈತ್ರಿ" ಅಂತಾರ. ಅವರಿಗೇನು ಹೇಳ್ಲಿ?

ಸಂಜಿಗೆ ಲಗೂನ ಬರ್ತೀನಿ. ನೀನು ಹೊಸ ಹಾಳಿ ಮ್ಯಾಲೆ ನಿಂತ್ಕೊ, ಕೂತು ಅಳತಿ ಕೊಡಬ್ಯಾಡ. ಗೆರಿ ನಾನ ಎಳೀತೀನಿ, ಗಂಟಿನ ಸುತ್ತ ಪೂರ್ತಿ. ನಾಚ್ಕೊಂಡು ಕಾಲು ಹಿಂದಕ ತಗೀಬ್ಯಾಡ. ನನಗ ಆ ಹಳೇ ಪಾದ ಬ್ಯಾಡ. ಈಗಿರೋ ಪಾದ ಓಣಿ ಮೂಲ್ಯಾಗಿನ ಮಿರ್ಚಿ ಅಂಗಡಿ ತನಕ ನನ್ನ ಕೂಡ ಬಂದ್ರ ಸಾಕು.

ವೀರಭದ್ರ