ಎದುರೂಟಕ್ಕೆ ಹೋದ ನನ್ನ ತಮ್ಮ

ಫೆಬ್ರವರಿ ೩೧, ೨೨೪೮
ತೇಲುಪೇಟೆ, ಪಡುವಣ ಕಡಲು

ಇಪ್ಪತ್ತೊಂದನೇ ಶತಮಾನದ ಹಿರಿಯರಿಗೆ,

ತಾರೀಖು ನೋಡಿ ನಗಬೇಡಿ. ನಮ್ಮಲ್ಲಿ ಫೆಬ್ರವರಿಯನ್ನು ಉದ್ದ ಮಾಡಿ ಬಹಳ ಕಾಲವಾಯಿತು. ನನ್ನ ಕೆಲವು ಮಾತುಗಳು ವಿಚಿತ್ರವೆನಿಸಿದರೆ ಕ್ಷಮೆಯಿರಲಿ. ಆದರೆ ಮುಂದೆ ಹೇಳುವ ಕುತಂತ್ರ ನಿಮಗೆ ಹೊಸದಲ್ಲ ಎಂಬ ಗುಮಾನಿ ನನಗಿದೆ.

ನೆಲ ಕಡಲುಪಾಲಾದ ಮೇಲೆ ನಮ್ಮ ಮನೆ, ಶಾಲೆ, ಸಂತೆ ಎಲ್ಲವೂ ತೆಪ್ಪಗಳ ಮೇಲೆ. ಉಳಿದಿರುವುದು ಒಂದೇ ಗುಡ್ಡ. ನಾವು ಸತ್ತವರನ್ನು ಕಡಲಿಗೆ ಬಿಡುತ್ತೇವೆ. ಮುಳುಗಿದ ದ್ವೀಪಗಳಿಂದ ಬಂದ ಜನ, ಅಂದರೆ ನಾವು ಅಲೆಯವರು ಎನ್ನುವವರು, ಮಣ್ಣಿನಲ್ಲಿ ಹೂಳುತ್ತಾರೆ. ಅದಕ್ಕಾಗಿ ಗುಡ್ಡದ ಓರೆಯಲ್ಲಿ ಅವರಿಗೆ ಜಾಗದ ಹಕ್ಕಿತ್ತು. ಕಳೆದ ಚುನಾವಣೆಯಲ್ಲಿ ಎದುರು ಪಕ್ಷದವರು ಅಲೆಯವರನ್ನೇ ಊರಿಂದ ಓಡಿಸುತ್ತೇವೆಂದು ಕೂಗಿ ಜನರನ್ನು ಸೆಳೆದರು. ಪೇಟೆಯ ಅಧ್ಯಕ್ಷ ಸ್ಥಾನಕ್ಕೆ ನಿಂತಿದ್ದ ನನ್ನ ತಮ್ಮ ತೇಜಪಾಲ ಸೋಲಿಗೆ ಹೆದರಿ, ಗೆದ್ದರೆ ಹೂಳುವುದನ್ನು ನಿಲ್ಲಿಸುತ್ತೇನೆಂದು ಸಾರಿಬಿಟ್ಟ.

"ಮೊದಲು ಗೆಲ್ಲುವಾ ಅಕ್ಕಾ. ಆಮೇಲೆ ಮೆಲ್ಲ ವಾಪಸ್ ಕೊಟ್ರಾಯ್ತು. ನಾನು ಸೋತ್ರೆ ಅವರಿಗೆ ಊರೇ ಇರುದಿಲ್ಲ," ಎಂದ. ಲೆಕ್ಕ ಸರಿಯಾಗಿಯೇ ಇತ್ತು. ಸರಿಯಾದ ಲೆಕ್ಕ ಹೇಳುವವನು ಕಣ್ಣು ಯಾಕೆ ತಪ್ಪಿಸಬೇಕು? ನನಗೆ ಸಂಶಯ ಬಂದದ್ದೇ ಅಲ್ಲಿ.

ನಮ್ಮಲ್ಲಿ ಎದುರೂಟ ಎಂಬ ಪದ್ಧತಿಯಿದೆ. ಯಾರ ಹಕ್ಕನ್ನು ಕೀಳುತ್ತೀರೋ ಅವರ ಮನೆಯಲ್ಲೇ ಎದುರು ಕೂತು ಉಣ್ಣಬೇಕು, ಅವರು ಬಡಿಸಲೇಬೇಕು. ನಾಚಿಕೆಯಾಗಿ ಮನಸ್ಸು ಬದಲಾಗಲಿ ಎಂದು ಹಿಂದಿನವರು ಮಾಡಿದ್ದಂತೆ. ಥೂ, ಈಗ ಅದು ಫೋಟೋಕ್ಕೆ ಉಣ್ಣುವ ಊಟ!

ತಮ್ಮನೊಂದಿಗೆ ನಾನೂ ಅಲೆಯವರ ಐಸಮ್ಮನ ಮನೆಗೆ ಹೋದೆ. ಪರದೆಯಾಚೆ ಅವಳ ಗಂಡ ಕೊನೆಯುಸಿರು ಎಳೆಯುತ್ತಿದ್ದ. ಐಸಮ್ಮ ಕುಚ್ಚಲಕ್ಕಿ ಅನ್ನ, ಮೀನುಸಾರು ಬಡಿಸಿ ಕೇಳಿದಳು: "ಗೆದ್ದ ಮೇಲೆ ಹಕ್ಕು ವಾಪಸ್ ಕೊಡ್ತೀರಂತಲ್ಲ ಮಾರಾಯ್ರೆ. ಅಷ್ಟರವರೆಗೆ ಇವರು ಸಾಯದೆ ಇರ್ಬೇಕಾ?"

ತಮ್ಮ ತಲೆ ತಗ್ಗಿಸಿದ. ಆಮೇಲೆ ಇನ್ನೊಂದಿಷ್ಟು ಸಾರು ಹಾಕಿಸಿಕೊಂಡ.

ನಾವು ಗೆದ್ದೆವು. ಮರುದಿನವೇ ಹೂಳುವುದು ನಿಂತಿತು. ಅದೇ ವಾರ ಐಸಮ್ಮನ ಗಂಡ ತೀರಿಕೊಂಡ. ಹೆಣವನ್ನು ಕಡಲಿಗೆ ಬಿಡುವಾಗ ಅವಳು ಹೆಣ ಮಲಗಿಸಿದ್ದ ಹಲಗೆಯನ್ನು ಅವುಚಿ ಹಿಡಿದಳು. ನಮ್ಮವರೇ ಬಲವಂತವಾಗಿ ಬಿಡಿಸಿದರು. ಹಕ್ಕಿನ ಮಾತೆತ್ತಿದರೆ ತಮ್ಮ ಈಗ, "ಇನ್ನೊಂದು ಚುನಾವಣೆ ಕಳೀಲಿ," ಎನ್ನುತ್ತಾನೆ.

ನನ್ನದೊಂದೇ ಬೇಡಿಕೆ. ನಿಮ್ಮ ಕಾಲದಲ್ಲಿ ಯಾರಾದರೂ "ಮೊದಲು ಗೆಲ್ಲುವಾ" ಎಂದರೆ ನಂಬಬೇಡಿ. ಅವನು ನನ್ನ ತಮ್ಮನಂತೆ ಒಳ್ಳೆಯವನಾಗಿದ್ದರಂತೂ ನಂಬಲೇಬೇಡಿ. ಐಸಮ್ಮ ಓಟು ಹಾಕಿದ್ದು ನಮಗೇ. ಅವಳಿಗೆ ಬೇರೆ ಯಾರಿದ್ದರು? ತಮ್ಮನಿಗೆ ಅದು ಮೊದಲೇ ಗೊತ್ತಿತ್ತು.

ಸುಗಂಧಿನಿ